2012ರ ಕ್ರಯ ಇಸಿಯಲ್ಲಿ ಕಾಣದಿದ್ದರೆ

ಮಾರುವವರು 2012ರಲ್ಲಿ ಸೈಟ್ ಕ್ರಯಕ್ಕೆ ಪಡೆದಿದ್ದರೂ ಇಸಿ (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ನಮೂನೆ 16ರಲ್ಲಿ, ಅಂದರೆ ಯಾವ ವ್ಯವಹಾರವೂ ಇಲ್ಲದ ‘ನಿಲ್’ ಆಗಿ ಬಂದಿದೆ ಎಂದಿದ್ದೀರಿ. ಹೆಚ್ಚಾಗಿ, ಹುಡುಕುವಾಗ ಕೊಟ್ಟ ಆಸ್ತಿ ವಿವರ ತಾಳೆಯಾಗದೆ ಹೀಗಾಗುತ್ತದೆ. ನೋಂದಣಿಯಾದ ಕ್ರಯ, ವ್ಯವಹಾರಗಳನ್ನು ಪಟ್ಟಿ ಮಾಡುವ ನಮೂನೆ 15ರಲ್ಲಿ ಬರಲೇಬೇಕು.

ಮೊದಲು ಅವರ ಕ್ರಯಪತ್ರದ ಪ್ರತಿ ಕೇಳಿ. ಷೆಡ್ಯೂಲಿನಲ್ಲಿರುವ (ಪತ್ರದ ಆಸ್ತಿ ವಿವರದ ಭಾಗ) ಗ್ರಾಮ, ಸರ್ವೆ ನಂಬರ್, ಸೈಟ್ ನಂಬರ್, ಚಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ) ಇದ್ದಂತೆಯೇ ಕೊಟ್ಟು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಮತ್ತೆ ಅರ್ಜಿ ಹಾಕಿ. ‘45/2’ ಇರುವಲ್ಲಿ ‘45’ ಎಂದು ಹಾಕಿದರೂ ತಪ್ಪಿಹೋಗಬಹುದು. ಖಾತಾ ನಂಬರ್ ನಡುವೆ ಬದಲಾಗಿದ್ದರೆ ಹಳೆಯದಕ್ಕೊಂದು, ಹೊಸದಕ್ಕೊಂದು ಇಸಿ ತೆಗೆಸಿ.

ಆಗಲೂ ನಿಲ್ ಬಂದರೆ ಪತ್ರದ ಮೇಲಿನ ನೋಂದಣಿ ಸಂಖ್ಯೆ, ದಿನಾಂಕ ಹಿಡಿದು ಅದು ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನೀವೇ ದೃಢೀಕೃತ ನಕಲು ತೆಗೆಸಿ, ಅವರ ಪ್ರತಿಯೊಂದಿಗೆ ಪುಟಪುಟವನ್ನೂ ಹೋಲಿಸಿ. ಕಚೇರಿಯ ದಾಖಲೆಯಲ್ಲಿ ತಪ್ಪು ಸೇರಿದೆಯೋ, ಪತ್ರವೇ ನಕಲಿಯೋ ಎಂಬುದನ್ನು ನೀವು ಬರೆದಷ್ಟರಿಂದ ಹೇಳಲಾಗದು, ಇದರಿಂದಲೇ ತಿಳಿಯಬೇಕು. ಅವರ ಬಳಿ ಇರುವುದು ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಆಗಿದ್ದರೆ ಅದರಿಂದ ಮಾಲೀಕತ್ವ ಬರುವುದಿಲ್ಲ.

ಮೂಲಪತ್ರ ಅಡವಿಟ್ಟು ತೆಗೆದ ಬ್ಯಾಂಕ್ ಸಾಲ ಇಸಿಯಲ್ಲಿ ಕಾಣದೇ ಇರಬಹುದು. ಬ್ಯಾಂಕುಗಳು ಅಡವಿನ ವಿವರ ದಾಖಲಿಸುವ ಸೆರ್ಸಾಯ್ (CERSAI) ಜಾಲತಾಣದಲ್ಲೂ ಹುಡುಕಿ, ಮೂಲಪತ್ರವನ್ನು ಕಣ್ಣಾರೆ ನೋಡಿ. ಅಲ್ಲಿಯವರೆಗೆ ದಯವಿಟ್ಟು ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ.