ಹಾಲು ಕುಡಿಯುವಾಗ ಬೆವರುವ ಹಸುಗೂಸು

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ತಿಂಗಳು. ಹಾಲು ಕುಡಿಯುತ್ತಿದ್ದಂತೆ ಹಣೆ ಬೆವರಿ, ಮುಖ ಬಿಳಿಚಿ, ಚೀರುತ್ತಾಳೆ. ಹೊಟ್ಟೆ ಉಬ್ಬರವೆಂದು ಹನಿ ಔಷಧ ಹಾಕಿದೆವು. ಈಗ ಹೃದಯದ ಸ್ಕ್ಯಾನ್ (ಎಕೋ) ಮಾಡಿ, ಎಡ ಕೊರೊನರಿ ತಪ್ಪು ಜಾಗದಿಂದ ಹೊರಟಿದೆ, ಇದು 'ಆಲ್ಕಪಾ', ಕೂಡಲೇ ಆಪರೇಷನ್ ಆಗಬೇಕು ಎಂದಿದ್ದಾರೆ. ಮಗು ಐದು ಕಿಲೋ ಕೂಡ ಇಲ್ಲ. ವರ್ಷ ತುಂಬಲಿ ಎನ್ನುತ್ತಾರೆ ನಮ್ಮತ್ತೆ. ಕಾಯಬಹುದೇ?

ಉತ್ತರ: ಕಾಯಬೇಡಿ. ಹೃದಯದಲ್ಲಿ ಸಣ್ಣ ರಂಧ್ರವಿದ್ದರೆ ಮಗು ಸ್ವಲ್ಪ ಮೈ ತುಂಬಿಕೊಳ್ಳಲಿ ಎಂದು ನಾವೇ ಹೇಳುವುದುಂಟು. ನಿಮ್ಮತ್ತೆ ಅದನ್ನೇ ಕೇಳಿರಬೇಕು. ಇಲ್ಲಿ ಆ ಲೆಕ್ಕ ನಡೆಯದು. ಚಿಕಿತ್ಸೆ ಸಿಗದಿದ್ದರೆ ಇಂಥ ಶಿಶುಗಳಲ್ಲಿ ಸುಮಾರು ಶೇ 90ರಷ್ಟು ವರ್ಷದೊಳಗೇ ತೀರಿಕೊಳ್ಳುತ್ತವೆ.

ಕೊರೊನರಿಗಳೆಂದರೆ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳಗಳು. ಅವೆರಡೂ ಮಹಾಪಧಮನಿಯಿಂದ ಕವಲೊಡೆಯಬೇಕು. ನಿಮ್ಮ ಮಗಳಲ್ಲಿ ಎಡದ್ದು ಶ್ವಾಸಕೋಶದ ಅಪಧಮನಿಯಿಂದ ಹೊರಟಿದೆ. ಗರ್ಭದಲ್ಲಿ ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಸಮವಾದ್ದರಿಂದ ತೊಂದರೆಯಾಗಲಿಲ್ಲ. ಹುಟ್ಟಿದ ಮೇಲೆ ಶ್ವಾಸಕೋಶದ ಕಡೆಯ ಒತ್ತಡ ವಾರಗಳಲ್ಲಿ ಇಳಿಯುತ್ತದೆ. ಆಗ ಬಲ ಕೊರೊನರಿಯಿಂದ ಎಡಕ್ಕೆ ಬಂದ ರಕ್ತವೂ ಸ್ನಾಯುವಿಗೆ ದಕ್ಕದೆ, ತೂಬು ಒಡೆದ ಕಾಲುವೆಯ ನೀರಿನಂತೆ, ತಗ್ಗಿನತ್ತ ಸೋರಿಹೋಗುತ್ತದೆ. ಹಸುಗೂಸಿಗೆ ಹಾಲು ಹೀರುವುದೇ ದೊಡ್ಡ ದುಡಿಮೆ. ಆ ಬೆವರು, ಆ ಚೀರಾಟ ದೊಡ್ಡವರ ಎದೆನೋವಿಗೆ ಸಮ. 1933ರಲ್ಲಿ ಬ್ಲಾಂಡ್, ವೈಟ್ ಮತ್ತು ಗಾರ್ಲೆಂಡ್ ಎಂಬ ವೈದ್ಯರು ದಾಖಲಿಸಿದ್ದೂ ಹಾಲೂಡುವಾಗ ಹೀಗೆ ಸಂಕಟಪಡುತ್ತಿದ್ದ ಮಗುವನ್ನೇ.

ಆಪರೇಷನ್‌ನಲ್ಲಿ ಹಾರ್ಟ್‌-ಲಂಗ್ ಯಂತ್ರದ ಆಸರೆಯಲ್ಲಿ ಹೃದಯವನ್ನು ನಿಲ್ಲಿಸಿ, ಕೊರೊನರಿಯ ಬಾಯಿಯನ್ನು ಸುತ್ತಲಿನ ಗೋಡೆಯ ಸಮೇತ, ಅಂಗಿಯ ಗುಂಡಿಯಂತೆ ಕತ್ತರಿಸಿ, ಮಹಾಪಧಮನಿಗೆ ಹೊಲಿಯುತ್ತಾರೆ. ದಾರ ಕೂದಲಿಗಿಂತ ತೆಳ್ಳಗೆ. ಖಾಲಿಯಾದ ಜಾಗಕ್ಕೆ ಹೃದಯದ ಹೊರಪೊರೆಯ ತುಂಡಿನಿಂದ ತೇಪೆ ಹಾಕುವುದುಂಟು. ನಾಳ ಅಷ್ಟು ದೂರ ಎಟುಕದಿದ್ದರೆ, ಶ್ವಾಸಕೋಶದ ಅಪಧಮನಿಯೊಳಗೇ ಸುರಂಗ ಕಟ್ಟುವ ತಾಕೆಉಚಿ ವಿಧಾನವಿದೆ. ಆ ಸುರಂಗ ಮುಂದೆ ಕಿರಿದಾಗಬಹುದು. ಹಾಗಾಗಿ ನನಗೆ ಅದು ಎರಡನೆಯ ಆಯ್ಕೆ. ಹಿಂದೆ ನಾಳವನ್ನು ಸುಮ್ಮನೆ ಕಟ್ಟಿಬಿಡುತ್ತಿದ್ದ ಕಾಲವೂ ಇತ್ತು.

ಮೊದಲ ದಿನಗಳು ಕಠಿಣ, ಮುಚ್ಚಿಡುವುದಿಲ್ಲ. ದಣಿದ ಹೃದಯಕ್ಕೆ ಕೆಲವೊಮ್ಮೆ, ಹೃದಯ-ಶ್ವಾಸಕೋಶಗಳ ಕೆಲಸವನ್ನು ಕೆಲ ದಿನ ಹೊರಗಿನಿಂದ ನಡೆಸುವ ಎಕ್ಮೋ ಯಂತ್ರ ಬೇಕಾಗುತ್ತದೆ. ಶಿಶುಗಳಿಗೆ ಆ ಸೌಲಭ್ಯ ಇದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಸ್ನಾಯುವಿನ ಬಹುಭಾಗ ಸತ್ತಿರುವುದಿಲ್ಲ, ರಕ್ತವಿಲ್ಲದೆ ಮಂಕಾಗಿರುತ್ತದೆ. ಹರಿವು ಸರಿಹೋದರೆ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಇದರಿಂದ ಸೋರುತ್ತಿದ್ದರೆ, ಆ ಸೋರಿಕೆಯೂ ಎಷ್ಟೋ ಮಕ್ಕಳಲ್ಲಿ ತಾನಾಗಿ ತಗ್ಗುತ್ತದೆ.

ಖರ್ಚಿನ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರನ್ನು ವಿಚಾರಿಸಿ. ಆಪರೇಷನ್ ಆಗುವವರೆಗೆ ಹಾಲನ್ನು ಒಂದೇ ಸಲಕ್ಕೆ ಕುಡಿಸದೆ, ಸ್ವಲ್ಪ ಸ್ವಲ್ಪವೇ, ನಡುವೆ ಬಿಡುವು ಕೊಟ್ಟು ಕುಡಿಸಿ.