ಪದಪ್ರಶ್ನೆ: ‘ಅನುಕರಣೆ’ ಎಂದರೆ ಬೈಗುಳವೇ?

ಈ ಬಾರಿ ಕೈಸೇರಿದ ಪತ್ರಗಳಲ್ಲಿ ನಾಲ್ಕು ಒಂದೇ ಪದದ ಸುತ್ತಮುತ್ತಲಿನವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಈ ನಾಲ್ಕಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಮಗಳು ನಾಟಕ ಸ್ಪರ್ಧೆಯೊಂದರಲ್ಲಿ ಮುದುಕಿಯ ಪಾತ್ರ ಮಾಡಿದಳು. ತೀರ್ಪುಗಾರರು ‘ಅಭಿನಯದಲ್ಲಿ ಅನುಕರಣೆ ಹೆಚ್ಚು’ ಎಂದು ಷರಾ ಬರೆದರು. ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ‘ಅನುಕರಣೆ’ ಕೆಟ್ಟ ಅರ್ಥದ ಪದವೇ? ‘ಅನುಸರಣೆ’ಗೂ ಇದಕ್ಕೂ ಏನು ವ್ಯತ್ಯಾಸ? (ಓದುಗರೊಬ್ಬರು, ಹಾಸನ)

ಉತ್ತರ: ಮೊದಲು ಪದದ ಕಟ್ಟಡವನ್ನು ನೋಡೋಣ. ‘ಅನು’ ಎಂಬುದು ಉಪಸರ್ಗ, ಹಿಂದೆ ಅಥವಾ ಹಿಂಬಾಲಿಸಿ ಎಂದು ಅದರ ಅರ್ಥ. ‘ಕರಣ’ವೆಂದರೆ ಮಾಡುವುದು. ಒಬ್ಬರು ಮಾಡಿದ ಮೇಲೆ ಅದನ್ನು ಕಂಡು ಅಥವಾ ಕೇಳಿ ಇನ್ನೊಬ್ಬರು ಹಾಗೆಯೇ ಮಾಡುವುದು ಅನುಕರಣ. ಸಂಸ್ಕೃತದ ‘ಅನುಕರಣ’ ಕನ್ನಡದಲ್ಲಿ ‘ಅನುಕರಣೆ’ಯಾಯಿತು, ಆದರೆ ಸಮಾಸದಲ್ಲಿ ಹಳೆಯ ರೂಪವೇ ಉಳಿಯುವುದರಿಂದ ‘ಅನುಕರಣಶೀಲ’, ‘ಅನುಕರಣಾವ್ಯಯ’ ಎಂದು ಬರೆಯಬೇಕು. ‘ಅಣುಕರಣೆ’ ಎಂದು ಬರೆಯುವವರೂ ಇದ್ದಾರೆ. ಅದು ತಪ್ಪು. ‘ಕರಣ’ದಲ್ಲಿ ಣಕಾರ ಬಂದಿರುವುದು ಅದರ ಹಿಂದೆ ರಕಾರವಿರುವುದರಿಂದ. ‘ಅನು’ವಿನಲ್ಲಿ ಅಂಥ ಕಾರಣವಿಲ್ಲ, ಮೇಲಾಗಿ ‘ಅಣು’ ಎಂದರೆ ಬೇರೆಯೇ ಅರ್ಥ.

‘ಅನುಸರಣೆ’ಯಲ್ಲಿರುವುದು ‘ಸರಣ’, ಅಂದರೆ ಚಲಿಸುವುದು, ಹೋಗುವುದು. ಆದ್ದರಿಂದ ಅನುಸರಣೆಯೆಂದರೆ ಒಬ್ಬರು ತೋರಿದ ದಾರಿಯಲ್ಲಿ ಹೋಗುವುದು, ಅನುಕರಣೆಯೆಂದರೆ ಅವರು ಮಾಡಿದ ಹಾಗೆ ಮಾಡುವುದು. ನಮ್ಮ ಸೀಮೆಯ ಅಕ್ಕಿರೊಟ್ಟಿಯನ್ನೇ ತೆಗೆದುಕೊಳ್ಳಿ. ನೀರು ಎಷ್ಟು ಕುದಿಯಬೇಕು, ಹಿಟ್ಟು ಯಾವಾಗ ಹಾಕಬೇಕು, ಎಷ್ಟು ಹೊತ್ತು ನಾದಬೇಕು ಎಂದು ಅಜ್ಜಿ ಹೇಳಿದ್ದನ್ನು ನೆನಪಿಟ್ಟುಕೊಂಡು ಮಾಡಿದರೆ ಅದು ಅನುಸರಣೆ. ಅದೇ ಅಜ್ಜಿ ಬಾಯಿಬಿಟ್ಟು ಏನನ್ನೂ ಹೇಳದೆ, ಬಿಸಿ ಹಿಟ್ಟನ್ನು ಅಂಗೈಯಲ್ಲಿ ಹೊರಳಿಸಿ, ರೊಟ್ಟಿಯ ಅಂಚು ಒಡೆಯದಂತೆ ಎಡಗೈಯ ಕಿರುಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿಕೊಳ್ಳುವುದನ್ನು ಪಕ್ಕದಲ್ಲಿ ಕುಳಿತ ಮೊಮ್ಮಗಳು ನೋಡಿ, ತನ್ನ ಕಿರುಬೆರಳನ್ನೂ ಹಾಗೆಯೇ ಮಡಿಸಿದರೆ ಅದು ಅನುಕರಣೆ. ಕಾಯಿದೆಯನ್ನು, ಗುರುವಿನ ಮಾತನ್ನು, ಸಂಪ್ರದಾಯವನ್ನು ನಾವು ಅನುಸರಿಸುತ್ತೇವೆ. ನಡಿಗೆಯನ್ನು, ದನಿಯನ್ನು, ಕೈಬರಹವನ್ನು ಅನುಕರಿಸುತ್ತೇವೆ. ‘ಸಂಚಾರ ನಿಯಮಗಳನ್ನು ಅನುಕರಿಸಿ’ ಎಂಬ ಫಲಕವೊಂದನ್ನು ನಾನು ಕಂಡಿದ್ದೇನೆ. ನಿಯಮ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದನ್ನು ಅನುಕರಿಸುವುದು ಹೇಗೆ?

ಇನ್ನು ಕೆಟ್ಟ ಅರ್ಥದ ಮಾತು. ಪದದಲ್ಲಿ ಅದು ಇಲ್ಲ. ಹಿರಿಯರೊಬ್ಬರು ತೀರಿಕೊಂಡಾಗ ‘ಅವರ ಸರಳತೆ ಅನುಕರಣೀಯ’ ಎಂದು ಬರೆಯುತ್ತೇವಲ್ಲ, ಅಲ್ಲಿರುವುದೂ ಇದೇ ಪದ. ಬೈಯಬೇಕಾದಾಗ ‘ಅಂಧಾನುಕರಣೆ’ ಎಂದು ಹಿಂದೆ ಒಂದು ವಿಶೇಷಣವನ್ನು ಜೋಡಿಸಬೇಕಾಗುತ್ತದೆ. ಅನುಕರಣೆಯೇ ದೋಷವಾಗಿದ್ದರೆ ‘ಅಂಧ’ ಎಂಬ ಸೇರ್ಪಡೆ ಬೇಕಾಗುತ್ತಿರಲಿಲ್ಲ. ಆದರೂ ವಿಮರ್ಶೆಯ ಬರಹಗಳಲ್ಲಿ ‘ಇದು ಬರೀ ಅನುಕರಣೆ’ ಎಂದು ಬರೆದು ಬರೆದು, ನಿರಪರಾಧಿಯಾದ ಪದವೊಂದಕ್ಕೆ ನಾವು ಮಸಿ ಬಳಿದಿದ್ದೇವೆ. ಇದರ ಬಗ್ಗೆ ನನಗೆ ನಿಜವಾದ ಬೇಸರವಿದೆ.

ನಿಮ್ಮ ಮಗಳಿಗೆ ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ. ನಾಟಕಕ್ಕೆ ನಮ್ಮ ಪರಂಪರೆ ಕೊಟ್ಟಿರುವ ಲಕ್ಷಣವೇ ಅನುಕರಣ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ನಾಟ್ಯವನ್ನು ‘ಲೋಕವೃತ್ತಾನುಕರಣ’ ಎಂದು ಕರೆದಿದೆ: ಲೋಕದ ನಡವಳಿಕೆಯ ಅನುಕರಣ. ಹತ್ತನೆಯ ಶತಮಾನದ ಧನಂಜಯ ತನ್ನ ದಶರೂಪಕದಲ್ಲಿ ‘ಅವಸ್ಥಾನುಕೃತಿರ್ನಾಟ್ಯಂ’ ಎಂದ: ಅವಸ್ಥೆಯ ಅನುಕರಣವೇ ನಾಟ್ಯ. ಇಲ್ಲಿ ‘ಅವಸ್ಥಾ’ ಎಂಬ ಪದವನ್ನು ಗಮನಿಸಬೇಕು. ನಟಿ ಅನುಕರಿಸುವುದು ಒಬ್ಬ ಗೊತ್ತಾದ ಮುದುಕಿಯ ಕೆಮ್ಮನ್ನಲ್ಲ, ಮುಪ್ಪಿನ ಸ್ಥಿತಿಯನ್ನು. ರಸವೆಂಬುದೇ ಅನುಕರಣರೂಪವಾದದ್ದು ಎಂದು ವಾದಿಸಿದ ಶಂಕುಕ, ಅದಕ್ಕೆ ಚಿತ್ರದಲ್ಲಿರುವ ಕುದುರೆಯ ಹೋಲಿಕೆಯನ್ನು ಕೊಟ್ಟ. ಬಣ್ಣದಲ್ಲಿ ಬರೆದ ಕುದುರೆಯನ್ನು ನೋಡಿ ಅದು ನಿಜವೆಂದೂ ಅನ್ನುವುದಿಲ್ಲ, ಸುಳ್ಳೆಂದೂ ಅನ್ನುವುದಿಲ್ಲ, ‘ಕುದುರೆ’ ಎನ್ನುತ್ತೇವೆ. ವೇದಿಕೆಯ ಮೇಲಿನ ರಾಮನೂ ಹಾಗೆಯೇ. ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಇದನ್ನು ಒಪ್ಪಲಿಲ್ಲ. ರಾಮನ ಶೋಕವನ್ನು ನಟ ಎಂದೂ ಕಂಡವನಲ್ಲ, ಕಾಣದ್ದನ್ನು ಅನುಕರಿಸುವುದು ಹೇಗೆ ಎಂಬುದು ಅವನ ಎದುರುವಾದದ ಒಂದು ಎಳೆ. ಈ ಪದ ಎಂಥೆಂಥವರ ಚರ್ಚೆಗೆ ವಿಷಯವಾಗಿತ್ತು ಎಂಬುದನ್ನು ತಿಳಿದರೆ ಷರಾ ಬರೆಯುವ ಕೈ ಸ್ವಲ್ಪ ನಿಧಾನಿಸುತ್ತದೆ. ತೀರ್ಪುಗಾರರ ಮನಸ್ಸಿನಲ್ಲಿದ್ದದ್ದು ಬಹುಶಃ ‘ಪರಿಚಿತ ನಟಿಯೊಬ್ಬರ ಶೈಲಿ ಕಾಣುತ್ತದೆ’ ಎಂಬುದಿರಬೇಕು. ಹಾಗಿದ್ದರೆ ಯಾರ ಅನುಕರಣೆ ಎಂಬುದನ್ನೂ ಬರೆಯಬೇಕಿತ್ತು, ಏಕೆಂದರೆ ಅನುಕರಣೆಗೆ ಯಾವಾಗಲೂ ಇಬ್ಬರು ಬೇಕು.

ಮಗಳನ್ನು ಒಮ್ಮೆ ಬೇಲೂರಿಗೆ ಕರೆದುಕೊಂಡು ಹೋಗಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಕೆಲಸದಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜನ ಹೆಸರೂ ಇದೆ, ಅವನ ಮಗ ಚಾವಣನ ಹೆಸರೂ ಇದೆ. ಉಳಿಯನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂಬುದನ್ನು ಆ ಮಗ ಅಪ್ಪನ ಕೈಯನ್ನು ನೋಡಿಯೇ ಕಲಿತಿರಬೇಕು. ಕಲಿತ ಮೇಲೆ ತಾನು ಕಡೆದ ವಿಗ್ರಹದಲ್ಲಿ ತನ್ನ ಹೆಸರನ್ನೇ ಬರೆದ.

ಪ್ರಶ್ನೆ: ‘ಕೇಳಿದ ಧ್ವನಿಯನ್ನು ಕೇಳಿದಂತೆಯೇ ಅನುಕರಿಸಿ ಹೇಳುವ ಪದಗಳು ಅನುಕರಣಾವ್ಯಯಗಳು’ ಎಂದು ತರಗತಿಯಲ್ಲಿ ಹೇಳುತ್ತೇನೆ. ‘ದಬದಬ’, ‘ಪಟಪಟ’ ಸರಿ. ‘ಥಳಥಳ’ ಎಂಬ ಧ್ವನಿ ಎಲ್ಲಿ ಕೇಳಿಸುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಉತ್ತರ ತೋಚಲಿಲ್ಲ. (ಶಿಕ್ಷಕರೊಬ್ಬರು, ಸಕಲೇಶಪುರ ತಾಲ್ಲೂಕು)

ಉತ್ತರ: ಆ ಹುಡುಗಿಗೆ ನನ್ನ ಅಭಿನಂದನೆಗಳನ್ನು ತಿಳಿಸಿ. ಅವಳು ಹಿಡಿದಿರುವುದು ಲಕ್ಷಣದ ದುರ್ಬಲ ಜಾಗವನ್ನೇ.

ನಿಮ್ಮ ಊರಿನ ಮಳೆಯಿಂದಲೇ ಆರಂಭಿಸಬಹುದು. ಜೂನ್ ತಿಂಗಳಲ್ಲಿ ಹೆಂಚಿನ ಮೇಲೆ ಮೊದಲ ಹನಿಗಳು ‘ಟಪಟಪ’ ಬೀಳುತ್ತವೆ, ಕಣದ ಪಕ್ಕದ ತಗಡಿನ ಮೇಲೆ ಅದೇ ಹನಿ ‘ಪಟಪಟ’ ಎನ್ನುತ್ತದೆ, ಗಾಳಿ ಸೇರಿದರೆ ‘ರಪರಪ’, ಬಲ ಏರಿದರೆ ‘ಧೋ’. ವಾರಗಟ್ಟಲೆ ಬಿಡದೆ ಸುರಿಯುವಾಗ ‘ಜಿಟಿಜಿಟಿ’. ಈ ಕೊನೆಯದರಲ್ಲಿ ಧ್ವನಿ ಎಷ್ಟಿದೆ? ಮಳೆಯ ಸದ್ದಿಗಿಂತ ಅಂಗಳದ ಕೆಸರು, ಒಣಗದ ಬಟ್ಟೆ, ಮೈಗೆ ಅಂಟುವ ತೇವ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ‘ಟಪಟಪ’ದಿಂದ ‘ಜಿಟಿಜಿಟಿ’ಗೆ ಬರುವಷ್ಟರಲ್ಲೇ ಕಿವಿಯ ಕೆಲಸವನ್ನು ಚರ್ಮವೂ ಹಂಚಿಕೊಂಡಿದೆ. ‘ಥಳಥಳ’, ‘ಮಿಣಮಿಣ’ಗಳಲ್ಲಿ ಕಣ್ಣು, ‘ಘಮಘಮ’ದಲ್ಲಿ ಮೂಗು, ‘ಚುರುಚುರು’ವಿನಲ್ಲಿ ಹೊಟ್ಟೆ ಅಥವಾ ಗಾಯ. ಅಂದರೆ ಕನ್ನಡ ಮೊದಲು ಕಿವಿಗೆ ಬಿದ್ದದ್ದನ್ನು ಬಾಯಿಂದ ಅನುಕರಿಸಿತು. ಆಮೇಲೆ ಅದೇ ಅಚ್ಚಿನಲ್ಲಿ ಉಳಿದ ಇಂದ್ರಿಯಗಳ ಅನುಭವವನ್ನೂ ಎರಕ ಹೊಯ್ದಿತು. ಆದ್ದರಿಂದ ತರಗತಿಯಲ್ಲಿ ‘ಕೇಳಿದ ಧ್ವನಿಯನ್ನು ಅಥವಾ ಇಂದ್ರಿಯಗಳಿಗಾದ ಅನುಭವವನ್ನು ಧ್ವನಿಯಿಂದ ಅನುಕರಿಸುವ ಪದಗಳು’ ಎಂದು ಹೇಳಿದರೆ ಲಕ್ಷಣ ಸರಿಹೋಗುತ್ತದೆ.

ಇದರ ಜೊತೆಗೆ ಇನ್ನೊಂದನ್ನು ಕಲಿಸಬಹುದು, ನನಗೆ ಬಹಳ ಪ್ರಿಯವಾದ ಸಂಗತಿ ಅದು. ‘ಕಾಯಿ ಧೊಪ್ಪೆಂದು ಬಿತ್ತು’ ಎನ್ನುತ್ತೇವೆ. ಧೊಪ್ ಎಂದು. ‘ಎಂದು’ ಯಾರಾದರೂ ಮಾತಾಡಿದಾಗ ಬರುವ ಪದವಲ್ಲವೇ? ತೆಂಗಿನಕಾಯಿಯ ಮಾತನ್ನು ನಾವು ಉದ್ಧರಿಸುತ್ತಿದ್ದೇವೆ! ‘ಥಟ್ಟನೆ’, ‘ಧೊಪ್ಪನೆ’, ‘ಸರಸರನೆ’ಗಳ ಕೊನೆಯ ‘ನೆ’ ಕೂಡ ‘ಎನ್’ ಎಂಬ ಧಾತುವಿನ ‘ಎನೆ’ಯಿಂದ ಬಂದದ್ದು. ಸಂಸ್ಕೃತದಲ್ಲಿಯೂ ಹೀಗೆಯೇ. ಪಾಣಿನಿ ಇಂಥ ಪದಗಳನ್ನು ‘ಅವ್ಯಕ್ತಾನುಕರಣ’ ಎಂದು ಕರೆದು, ಅವುಗಳ ಮುಂದೆ ‘ಎಂದು’ ಎಂಬ ಅರ್ಥದ ‘ಇತಿ’ ಬಂದಾಗ ಆಗುವ ಸಂಧಿಗೆ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ‘ಪಟತ್’ ಮತ್ತು ‘ಇತಿ’ ಸೇರಿದರೆ ‘ಪಟಿತಿ’. ಅಕ್ಷರಗಳಾಗಿ ಬಿಡಿಸಿ ಹೇಳಲಾಗದ ದನಿ ಅವ್ಯಕ್ತ; ಅದನ್ನು ಬಾಯಿಗೆ ಸಿಕ್ಕ ಅಕ್ಷರಗಳಲ್ಲಿ ಹಿಡಿಯುವುದು ಅನುಕರಣ.

ಹಿಡಿದ ಮೇಲೆ ಅವು ಸುಮ್ಮನೆ ಅವ್ಯಯಗಳಾಗಿ ಉಳಿಯುವುದೂ ಇಲ್ಲ. ‘ಪಿಸುಪಿಸು’ವಿನಿಂದ ‘ಪಿಸುಗುಟ್ಟು’, ‘ಲೊಚಲೊಚ’ದಿಂದ ‘ಲೊಚಗುಟ್ಟು’, ‘ಘಮಘಮ’ದಿಂದ ‘ಘಮಘಮಿಸು’ ಎಂಬ ಕ್ರಿಯಾಪದಗಳು ಹುಟ್ಟಿಕೊಂಡು ನಮ್ಮ ದಿನದ ಮಾತಿನಲ್ಲಿ ಓಡಾಡುತ್ತಿವೆ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ, ಆದರೆ ಈ ಗುಂಪಿನಲ್ಲಿ ಅದು ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮ ವಿದ್ಯಾರ್ಥಿಗಳು ‘ಗಮಗಮ’, ‘ತಳತಳ’ ಎಂದು ಬರೆದರೆ ಅಂಕ ಕಳೆಯಬೇಡಿ. ಎರಡು ರೂಪಗಳೂ ಬಳಕೆಯಲ್ಲಿವೆ.

ಪ್ರಶ್ನೆ: ‘ಅಣಕು ಪ್ರದರ್ಶನ’ ಎಂದು ಅಗ್ನಿಶಾಮಕ ದಳದವರ ತರಬೇತಿಗೂ, ‘ಅಣಕು ಶವಯಾತ್ರೆ’ ಎಂದು ಪ್ರತಿಭಟನೆಗೂ ಪತ್ರಿಕೆಗಳು ಬರೆಯುತ್ತವೆ. ಅಣಕವೆಂದರೆ ಗೇಲಿಯಲ್ಲವೇ? ಅದು ‘ಅನುಕರಣ’ದಿಂದ ಬಂದದ್ದೇ? ನಕಲು, ನಕಲಿಗಳೂ ಇದೇ ಅರ್ಥದವೇ? (ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ಉಚ್ಚಾರಣೆ ಹತ್ತಿರವಿರುವುದರಿಂದ ಹಾಗೆ ಅನ್ನಿಸುತ್ತದೆ. ಆದರೆ ‘ಅಣಕ’ ಬೇರೆಯೇ ಪದ, ಹಳಗನ್ನಡದಿಂದಲೂ ಪರಿಹಾಸದ ಅರ್ಥದಲ್ಲಿಯೇ ಬಂದಿರುವ ಕನ್ನಡದ ಮಾತು. ಪರರ ಚೇಷ್ಟೆಗಳನ್ನು ಅನುಕರಿಸುವುದರಿಂದ ಹಾಸ ಹುಟ್ಟುತ್ತದೆ ಎಂದು ಭರತ ಹೇಳಿದ್ದಾನೆ. ಆ ನಗುವಿಗಾಗಿಯೇ ಮಾಡುವ ಅನುಕರಣೆ ಅಣಕ. ಕುಂಟುವವನನ್ನು ನೋಡಿ ಕುಂಟಿ ತೋರಿಸಿದರೆ ಅದು ಅಣಕವಾಗುತ್ತದೆ. ಅವನ ಪಾತ್ರವನ್ನು ವಹಿಸಿ ಕುಂಟಿದರೆ ಅಭಿನಯವಾಗುತ್ತದೆ. ಕಾಲು ಒಂದೇ ಬಗೆಯಲ್ಲಿ ಎಳೆಯುತ್ತದೆ, ಉದ್ದೇಶ ಬೇರೆ.

ಗೊಂದಲ ಬಂದದ್ದು ಇಂಗ್ಲಿಷಿನ ‘ಮಾಕ್’ ಎಂಬ ಪದದಿಂದ. ಅದಕ್ಕೆ ಗೇಲಿ ಮಾಡು ಎಂಬ ಅರ್ಥವೂ ಇದೆ, ನಿಜದ್ದಲ್ಲದ, ಅಭ್ಯಾಸಕ್ಕಾಗಿ ಮಾಡಿದ ಎಂಬ ಅರ್ಥವೂ ಇದೆ. ಕನ್ನಡದ ‘ಅಣಕ’ಕ್ಕೆ ಮೊದಲನೆಯದು ಮಾತ್ರ ಇತ್ತು, ಅನುವಾದ ಮಾಡಿದವರು ಎರಡನೆಯದನ್ನೂ ಅದರ ತಲೆಗೆ ಕಟ್ಟಿದರು. ‘ಅಣಕು ಶವಯಾತ್ರೆ’ಯಲ್ಲಿ ಗೇಲಿ ನಿಜವಾಗಿಯೂ ಇರುವುದರಿಂದ ಪದ ಒಪ್ಪುತ್ತದೆ. ಬೆಂಕಿ ನಂದಿಸುವ ಅಭ್ಯಾಸಕ್ಕೆ ಒಪ್ಪುವುದಿಲ್ಲ. ‘ತಾಲೀಮು’ ಎಂಬ ಎಲ್ಲರಿಗೂ ತಿಳಿದ ಪದವಿರುವಾಗ, ಜೀವ ಉಳಿಸುವ ಕೆಲಸವನ್ನು ಅಣಕು ಎಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. ‘ಅಣಕು ನ್ಯಾಯಾಲಯ’ ಮಾತ್ರ ಕಾನೂನು ಕಾಲೇಜುಗಳಲ್ಲಿ ಗಟ್ಟಿಯಾಗಿ ಬೇರೂರಿಬಿಟ್ಟಿದೆ, ಅದನ್ನು ಇನ್ನು ಕೀಳಲಾಗದು.

ನಕಲು ಅರಬ್ಬಿಯಿಂದ ಪಾರ್ಸಿಯ ಮೂಲಕ ಕಂದಾಯ ಕಚೇರಿಗೆ ಬಂದ ಪದ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬುದು ಅದರ ಮೂಲಾರ್ಥ. ದಾಖಲೆಯ ನಕಲು ಮೊಹರು ಬಿದ್ದ, ನ್ಯಾಯವಾದ ಪ್ರತಿ. ನಕಲಿ ಎಂದರೆ ಮೋಸ. ನಡುವೆ ಇರುವುದು ಒಂದು ಸ್ವರದ ಅಂತರ. ಮೋಸ ಹುಟ್ಟುವುದು ಹೋಲಿಕೆಯಿಂದಲ್ಲ, ಹೋಲಿಕೆಯನ್ನು ಮುಚ್ಚಿಟ್ಟು ಅಸಲು ಎಂದು ಹೇಳಿಕೊಳ್ಳುವುದರಿಂದ. ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋದರೆ, ಸುಮಾರು 450ನೆಯ ಇಸವಿಯದೆಂದು ವಿದ್ವಾಂಸರು ಹೇಳುವ ಕನ್ನಡ ಶಾಸನದ ಪ್ರತಿಕೃತಿಯೇ ಊರಿನಲ್ಲಿ ನಿಂತಿದೆ, ಮೂಲದ ಕಲ್ಲನ್ನು ಬೇರೆಡೆ ಸಂರಕ್ಷಿಸಿದ್ದಾರೆ. ಅದರ ಮುಂದೆ ನಿಂತು ಯಾರೂ ‘ನಕಲಿ ಶಾಸನ’ ಎನ್ನುವುದಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ಹಾಗೆ ಕೂಗುತ್ತದೆ. ಚಿಟ್ಟೆಗಳೂ ಒಂದನ್ನೊಂದು ಅನುಕರಿಸುತ್ತವೆ ಎಂದು ಓದಿದೆ. ಎರಡಕ್ಕೂ ‘ಅನುಕರಣೆ’ ಎನ್ನಬಹುದೇ? (ಬೆಳೆಗಾರರೊಬ್ಬರು, ಮೂಡಿಗೆರೆ)

ಉತ್ತರ: ಭೀಮರಾಜನಿಗೆ ಖಂಡಿತ ಅನ್ನಬಹುದು. ಬಾಲದ ಎರಡು ತಂತಿಗಳ ತುದಿಯಲ್ಲಿ ಸೌಟಿನಂಥ ಗರಿ ತೂಗಿಸಿಕೊಂಡ ಆ ಕಪ್ಪು ಹಕ್ಕಿ ಸುತ್ತಲಿನ ಹಕ್ಕಿಗಳ ಕೂಗನ್ನು, ಗಿಡುಗದ ಕೂಗನ್ನೂ ಕೇಳಿ ಕಲಿತು ಕೂಗುತ್ತದೆ. ಮೊದಲು ಕೇಳುತ್ತದೆ, ಆಮೇಲೆ ಮಾಡುತ್ತದೆ; ‘ಅನು’ವೂ ‘ಕರಣ’ವೂ ಎರಡೂ ಇಲ್ಲಿವೆ. ಸಿಲ್ವರ್ ಮರದ ಮೇಲೆ ಗಿಡುಗ ಕೂಗಿತೆಂದು ನಾನೂ ಒಮ್ಮೆ ತಲೆಯೆತ್ತಿ ಹುಡುಕಿ, ಭೀಮರಾಜನನ್ನು ಕಂಡಿದ್ದೇನೆ.

ಚಿಟ್ಟೆಯ ವಿಷಯ ಬೇರೆ. ‘ಕಾಮನ್ ರೋಸ್’ ಎಂಬ ಚಿಟ್ಟೆಯ ಮರಿಹುಳು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು ತಿಂದು ವಿಷವನ್ನು ಮೈಯಲ್ಲಿ ತುಂಬಿಕೊಳ್ಳುವುದರಿಂದ ಹಕ್ಕಿಗಳು ಆ ಚಿಟ್ಟೆಯನ್ನು ಮುಟ್ಟುವುದಿಲ್ಲ. ನಿಂಬೆ, ಕರಿಬೇವಿನ ಗಿಡದಲ್ಲಿ ಬೆಳೆಯುವ ‘ಕಾಮನ್ ಮಾರ್ಮನ್’ ಚಿಟ್ಟೆಯಲ್ಲಿ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಒಂದು ಬಗೆಯದು ಕೆಂಪು ಚುಕ್ಕೆಗಳ ಸಮೇತ ಕಾಮನ್ ರೋಸ್‌ನಂತೆಯೇ ಕಾಣುತ್ತದೆ, ಗಂಡು ಹಾಗೆ ಕಾಣುವುದಿಲ್ಲ. ಇಂಥ ಹೋಲಿಕೆಯನ್ನು 1862ರಲ್ಲಿ ವಿವರಿಸಿದವನು ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್. ಹಕ್ಕಿಗಳು ತಿನ್ನದೆ ಬಿಟ್ಟವು ಉಳಿದು, ಮೊಟ್ಟೆಯಿಟ್ಟು, ತಲೆಮಾರುಗಳ ಆಯ್ಕೆಯಿಂದ ಆ ರೂಪ ನೆಲೆಗೊಂಡಿದೆ. ಚಿಟ್ಟೆ ಯಾರನ್ನೂ ನೋಡಿಲ್ಲ, ಏನನ್ನೂ ಮಾಡಿಲ್ಲ. ‘ಕರಣ’ವೇ ಇಲ್ಲದ ಕಡೆ ಅನುಕರಣೆ ಹೇಗೆ ಬಂದೀತು? ವಿಜ್ಞಾನದ ಬರಹಗಳಲ್ಲಿ ‘ಅನುಕರಣೆ’ ಎಂದೇ ರೂಢಿಯಾಗಿದ್ದರೂ ನಾನು ಬರೆಯುವುದಾದರೆ ‘ಸೋಗು’ ಎನ್ನುತ್ತೇನೆ: ಮಾರ್ಮನ್ ಹೆಣ್ಣಿನ ಮೇಲೆ ಕಾಮನ್ ರೋಸ್‌ನ ಸೋಗು ಇದೆ. ಮನೆಯ ಹಿಂದೆ ಕರಿಬೇವಿನ ಗಿಡವಿದ್ದರೆ ಎಳೆಯ ಎಲೆಗಳನ್ನು ಗಮನಿಸಿ. ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳುಗಳು ಸಿಕ್ಕರೆ ಅವು ಈ ಚಿಟ್ಟೆಯ ಮರಿಗಳೇ ಇರಬಹುದು. ಸೋಗು ಅಲ್ಲಿಂದಲೇ ಶುರುವಾಗಿದೆ.