ಜಾಕ್ಸನ್‌ನಿಂದ ನ್ಯಾಚೆಜ್‌ಗೆ ಹೈವೇ ಬಿಟ್ಟು ಹೋಗಿ

ಪ್ರಶ್ನೆ: ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನಲ್ಲಿ ಮಗಳ ಮನೆ. ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತಿದ್ದೇವೆ. ಒಂದು ದಿನ ನ್ಯಾಚೆಜ್ ಎಂಬ ಹಳೇ ಊರು ನೋಡುವ ಆಸೆ. ಅಳಿಯಂದಿರು ಹೈವೇ ಅಂತಾರೆ, ಮಗಳು ಕಾಡಿನ ರಸ್ತೆ ಅಂತಾಳೆ. ನನ್ನ ಹೆಂಡತಿಗೆ ಮಂಡಿನೋವು. ಏನು ಮಾಡೋಣ?

ಉತ್ತರ: ಈ ಸಲ ಮಗಳ ಮಾತು ಕೇಳಿ. ಅವಳು ಹೇಳುತ್ತಿರುವುದು ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ. ಇಡೀ ರಸ್ತೆ 444 ಮೈಲಿ, ಟೆನೆಸಿಯ ನ್ಯಾಶ್‌ವಿಲ್ ಹತ್ತಿರದವರೆಗೂ ಹೋಗುತ್ತದೆ. ನಿಮಗೆ ಬೇಕಾದ್ದು ದಕ್ಷಿಣದ ತುದಿಯ ಸುಮಾರು ನೂರು ಮೈಲಿ ಮಾತ್ರ. ಲಾರಿಗಳಿಲ್ಲ, ಜಾಹೀರಾತು ಫಲಕಗಳಿಲ್ಲ, ಟೋಲ್ ಇಲ್ಲ. ವೇಗದ ಮಿತಿ ಹೆಚ್ಚು ಕಡೆ ಗಂಟೆಗೆ 50 ಮೈಲಿ, ಅಳಿಯಂದಿರಿಗೆ ಬೇಜಾರಾಗಬಹುದು. ಆದರೆ ದಾರಿಯಲ್ಲಿ ಪೆಟ್ರೋಲ್ ಸಿಗುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಅಲ್ಲಲ್ಲಿ ಕೈಕೊಡುತ್ತದೆ. ಟ್ಯಾಂಕ್ ತುಂಬಿಸಿ, ತಿಂಡಿ ಕಟ್ಟಿಕೊಂಡೇ ಹೊರಡಿ.

ಮೈಲಿಗಲ್ಲಿನ ಲೆಕ್ಕ ನ್ಯಾಚೆಜ್ ಕಡೆಯಿಂದ ಶುರು, ಹಾಗಾಗಿ ನೀವು ಹೋಗುತ್ತಾ ಹೋಗುತ್ತಾ ಸಂಖ್ಯೆ ಇಳಿಯುತ್ತದೆ. 41.5ರಲ್ಲಿ ತಪ್ಪದೆ ನಿಲ್ಲಿಸಿ. ಮೂಲನಿವಾಸಿಗಳು, ವ್ಯಾಪಾರಿಗಳು, ಕುದುರೆಗಳು ತುಳಿದೂ ತುಳಿದೂ ಮೆತ್ತನೆ ಮಣ್ಣು ಕುಸಿದು, ಹಳೇ ಕಾಲುದಾರಿ ಅಲ್ಲಿ ಹಳ್ಳದ ಹಾಗೆ ಆಳಕ್ಕೆ ಇಳಿದಿದೆ. ನಡಿಗೆ ಕೆಲವೇ ನಿಮಿಷ. ಮನೆಯವರಿಗೆ ಆಗದಿದ್ದರೆ ಮೇಲಿನಿಂದಲೇ ನೋಡಬಹುದು.

ಆಮೇಲೆ ಪೋರ್ಟ್ ಗಿಬ್ಸನ್ ಹತ್ತಿರ ದಾರಿ ಬಿಟ್ಟು ಒಳರಸ್ತೆಯಲ್ಲಿ ವಿಂಡ್ಸರ್ ಅವಶೇಷಗಳ ಕಡೆ ತಿರುಗಿ. ಹತ್ತಿ ಬೆಳೆಯ ದುಡ್ಡಿನಲ್ಲಿ ಎದ್ದ ದೊಡ್ಡ ಬಂಗಲೆ 1890ರಲ್ಲಿ ಸುಟ್ಟುಹೋಯಿತು, ಉಳಿದದ್ದು 23 ಕಂಬಗಳು, ಅಷ್ಟೆ. ಇನ್ನು 10.3ರಲ್ಲಿ ಎಮರಾಲ್ಡ್ ಮೌಂಡ್, ಮೂಲನಿವಾಸಿಗಳು ಮಣ್ಣು ಹೊತ್ತು ಕಟ್ಟಿದ ದಿಬ್ಬ, ಎಂಟು ಎಕರೆ ಹರಡಿದೆ. ಮೇಲೆ ಹತ್ತಬೇಕು, ಮಂಡಿನೋವಿನವರು ಕೆಳಗೇ ಕೂರಲಿ.

ಪ್ರಶ್ನೆ: ಊರಿನಲ್ಲಿ ಮಹಲುಗಳೇ ಜಾಸ್ತಿಯಂತೆ. ಎಲ್ಲವನ್ನೂ ನೋಡಬೇಕಾ?

ಉತ್ತರ: ಬೇಡ, ಒಂದು ಸಾಕು. ಲಾಂಗ್‌ವುಡ್ ನೋಡಿ. ಎಂಟು ಮೂಲೆಯ ಮನೆ, ಕೆಲಸ ನಡೆಯುತ್ತಿರುವಾಗಲೇ 1861ರಲ್ಲಿ ಅಂತರ್ಯುದ್ಧ ಶುರುವಾಗಿ ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಊರಿಗೆ ವಾಪಸಾದರು. ನೆಲಮಾಳಿಗೆ ಮಾತ್ರ ಪೂರ್ತಿಯಾಯಿತು, ಮೇಲಿನ ಅಂತಸ್ತುಗಳು ಇವತ್ತಿಗೂ ಬರೀ ಇಟ್ಟಿಗೆ, ಮರ. ಅಲಂಕಾರ ತುಂಬಿದ ಹತ್ತು ಹಾಲ್‌ಗಳಿಗಿಂತ ಇದೇ ನನಗೆ ಇಷ್ಟ.

ಮಹಲು ನೋಡಿ ಸುಮ್ನೆ ಫೋಟೋ ತೆಗೆದು ಬಂದರೆ ಅರ್ಧ ಊರು ಬಿಟ್ಟ ಹಾಗೆ. ಆ ಹಣ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಫೋರ್ಕ್ಸ್ ಆಫ್ ದ ರೋಡ್‌ಗೆ ಹೋಗಿ. ದಕ್ಷಿಣದ ದೊಡ್ಡ ಗುಲಾಮರ ಸಂತೆಗಳಲ್ಲೊಂದು ಅಲ್ಲಿತ್ತು. ಕಟ್ಟಡ ಒಂದೂ ಉಳಿದಿಲ್ಲ, ಕಾಂಕ್ರೀಟಿನಲ್ಲಿ ಹುದುಗಿಸಿದ ಸಂಕೋಲೆಗಳಿವೆ. ಪೇಟೆಯೊಳಗೆ ವಿಲಿಯಂ ಜಾನ್ಸನ್ ಮನೆಯೂ ಇದೆ. ಗುಲಾಮನಾಗಿ ಹುಟ್ಟಿ, ಬಾಲ್ಯದಲ್ಲೇ ಬಿಡುಗಡೆಯಾಗಿ, ಕ್ಷೌರಿಕನಾಗಿ ಹೆಸರು ಮಾಡಿದವನು. 1835ರಿಂದ 1851ರವರೆಗೆ ದಿನಚರಿ ಬರೆದ. ವಿಚಿತ್ರ ಅಂದರೆ, ಆಮೇಲೆ ಅವನೂ ಗುಲಾಮರನ್ನು ಇಟ್ಟುಕೊಂಡಿದ್ದ! ಆ ಕಾಲದ ಗೋಜಲು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಪ್ರಶ್ನೆ: ವಾಪಸು ಬರುವುದು?

ಉತ್ತರ: ಸಂಜೆ ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಹೈವೇ 61 ಹಿಡಿಯಿರಿ. ಕತ್ತಲಾದ ಮೇಲೆ ಟ್ರೇಸ್ ರಸ್ತೆಗೆ ಜಿಂಕೆಗಳು ನುಗ್ಗುತ್ತವೆ, ದೀಪವೂ ಇಲ್ಲ. ಅಳಿಯಂದಿರ ಮಾತೂ ನಡೆದ ಹಾಗಾಯಿತು, ಅಲ್ವಾ?